ಗಿನಿಪಿಗ್ಗಿನ ಬಟ್ಟಲಲ್ಲಿ ಪೆಲೆಟ್ ಇರಲೇಬೇಕೆ?

ಕಾಮರ್ಸ್ ವಿದ್ಯಾರ್ಥಿಗೆ ಪ್ರಾಣಿಶಾಸ್ತ್ರದ ಉಸಾಬರಿ ಯಾಕೆ ಎಂದು ನಮ್ಮ ಸಂಘದ ವಿಜ್ಞಾನದ ಗೆಳೆಯರು ನಗಬಹುದು. ನಗಲಿ. ಲೆಕ್ಕ ಇರುವಲ್ಲಿ ನಮಗೂ ಪ್ರವೇಶವುಂಟು, ಈ ವಿಷಯದಲ್ಲಿ ಲೆಕ್ಕವೇ ಹೆಚ್ಚು. ಮುಂಬಯಿಯ ಖೋಲಿಗಳಲ್ಲಿ ಮನುಷ್ಯರಿಗೇ ಜಾಗ ಸಾಲದಿರುವಾಗ ನಾಯಿ ಸಾಕುವುದು ದೂರದ ಮಾತು. ಹಾಗಾಗಿ ಮಕ್ಕಳ ಹಟಕ್ಕೆ ಸೋತವರು ಒಂದು ಜೋಡಿ ಗಿನಿಪಿಗ್ ತರುತ್ತಾರೆ. ಅಂಗಡಿಯವನು ಒಂದು ಪೊಟ್ಟಣ ಪೆಲೆಟ್ ಕೈಗಿಟ್ಟು "ಇದೊಂದು ಹಾಕ್ತಾ ಇರಿ, ಬೇರೇನೂ ಬೇಡ" ಅನ್ನುತ್ತಾನೆ. ಸಾಕಿ ಅನುಭವ ಉಳ್ಳ ಇನ್ನೊಬ್ಬರು "ಅದೆಲ್ಲ ಕಂಪನಿಯವರ ವ್ಯಾಪಾರ, ಹುಲ್ಲು ಸೊಪ್ಪು ಹಾಕಿದರೆ ಸಾಕು" ಅನ್ನುತ್ತಾರೆ. ಇವರಲ್ಲಿ ಯಾರ ಮಾತು ನಿಜ? ಇಬ್ಬರದೂ ಅರ್ಧ ನಿಜ ಎಂದರೆ ತಪ್ಪಾಗಲಾರದು. ಆದರೆ ಅರ್ಧ ನಿಜವನ್ನು ನಂಬಿದರೆ ಆ ಬಡಪ್ರಾಣಿಯ ಕಾಲು ಬಿದ್ದುಹೋಗುವ ಸಂಭವವಿದೆ. ಆದ್ದರಿಂದಲೇ ಈ ಲೇಖನ.

ಮೊದಲು ಪ್ರಾಣಿಯ ಪರಿಚಯ. ಹೆಸರಿನಲ್ಲಿ 'ಗಿನಿ' ಇದ್ದರೂ ಇದು ಆಫ್ರಿಕದ ಗಿನಿ ದೇಶದ್ದಲ್ಲ, 'ಪಿಗ್' ಇದ್ದರೂ ಹಂದಿಯಲ್ಲ. ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ್ದು. ಕೆಲವರು ಗಿನಿಯಿಲಿ ಅಂತಲೂ ಕರೆಯುತ್ತಾರೆ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ. ಪೆರು, ಬೊಲಿವಿಯಗಳ ಜನ ಸಾವಿರಾರು ವರ್ಷಗಳಿಂದ ಇದನ್ನು ಮಾಂಸಕ್ಕಾಗಿ ಸಾಕುತ್ತ ಬಂದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಕೋಳಿ ಅಂಗಳದಲ್ಲಿ ಓಡಾಡಿಕೊಂಡಿರುವಂತೆ ಅಲ್ಲಿ ಇದು ಅಡಿಗೆಮನೆಯ ಮೂಲೆಯಲ್ಲಿ ಓಡಾಡಿಕೊಂಡಿರುತ್ತದೆ. ತಿನ್ನುವುದು ಹುಲ್ಲು, ಸೊಪ್ಪು, ತರಕಾರಿ ಸಿಪ್ಪೆ. ಅಲ್ಲಿನ ಅಜ್ಜಿಯರು ಪೆಲೆಟ್ ಕಂಡವರಲ್ಲ. ಆದರೂ ಅದರ ಸಂತಾನ ಇಷ್ಟು ಸಾವಿರ ವರ್ಷ ನಡೆದುಕೊಂಡು ಬಂದಿದೆಯಲ್ಲ! ಅಂದಮೇಲೆ ಪೆಲೆಟ್ ಇಲ್ಲದೆ ಗಿನಿಪಿಗ್ ಬದುಕುವುದೇ ಇಲ್ಲ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಹಾಗಾದರೆ ಈ ಪೆಲೆಟ್ ಎಂಬುದು ಏನು? ಹುಲ್ಲಿನ ಪುಡಿ, ಧಾನ್ಯದ ತೌಡು, ಖನಿಜ, ಜೀವಸತ್ವ ಎಲ್ಲವನ್ನೂ ಬೆರೆಸಿ, ಒತ್ತಿ, ತುಂಡು ಮಾಡಿದ ಒಣ ಗುಳಿಗೆ. ದನಕ್ಕೆ ಹಾಕುವ ಹಿಂಡಿಯ ತಮ್ಮ ಅಂತ ತಿಳಿಯಿರಿ. ಪ್ರಯೋಗಶಾಲೆಗಳಲ್ಲಿ ನೂರಾರು ಪ್ರಾಣಿಗಳಿಗೆ ಒಂದೇ ಗುಣದ, ಒಂದೇ ತೂಕದ ಆಹಾರ ಕೊಡಬೇಕಾಗುತ್ತದೆ. ಅಂಥ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಮನೆಯಲ್ಲಿ ಎರಡು ಪ್ರಾಣಿ ಸಾಕಿದವರ ಅಗತ್ಯವೇ ಬೇರೆ.

ಗಿನಿಪಿಗ್ಗಿಗೆ ನಿಜವಾಗಿ ಬೇಕಾದದ್ದು ಮೂರು: ಹುಲ್ಲು, ಸಿ ಜೀವಸತ್ವ, ಶುದ್ಧ ನೀರು.

ಹುಲ್ಲಿನ ವಿಷಯ ಮೊದಲು. ಈ ಪ್ರಾಣಿಗೆ 20 ಹಲ್ಲು, ಎಲ್ಲವೂ ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ದಿನವಿಡೀ ನಾರುಳ್ಳ ಹುಲ್ಲನ್ನು ಅರೆದರೆ ಮಾತ್ರ ಅವು ಸವೆದು ಅಳತೆಯಲ್ಲಿರುತ್ತವೆ. ಪೆಲೆಟ್ ಬಾಯಲ್ಲಿ ಬೇಗ ಪುಡಿಯಾಗುತ್ತದೆ, ಹಲ್ಲಿಗೆ ಕೆಲಸವಿಲ್ಲ. ಹಲ್ಲು ಉದ್ದವಾಗಿ ನಾಲಿಗೆಗೆ, ಕೆನ್ನೆಗೆ ಚುಚ್ಚತೊಡಗಿದರೆ ಪ್ರಾಣಿ ಊಟವನ್ನೇ ಬಿಡುತ್ತದೆ. ಹೊಟ್ಟೆಯ ಕಥೆಯೂ ಅದೇ. ನಾರು ಒಂದೇ ಸಮನೆ ಒಳಗೆ ಹೋಗುತ್ತಿದ್ದರೆ ಮಾತ್ರ ಕರುಳು ಚಲಿಸುತ್ತದೆ. ಒಂದು ದಿನ ತಿನ್ನದಿದ್ದರೂ ಜೀವಕ್ಕೆ ಅಪಾಯ. ಆದಕಾರಣ ಊಟದ ಐದರಲ್ಲಿ ನಾಲ್ಕು ಪಾಲು ಹುಲ್ಲೇ ಇರಬೇಕು, ಹಗಲೂ ರಾತ್ರಿ ಮುಂದೆ ಇರಬೇಕು.

ಇಲ್ಲೊಂದು ಎಚ್ಚರಿಕೆ. ನಮ್ಮ ಊರ ಕಡೆಯ ಬೈಹುಲ್ಲು, ಅಂದರೆ ಭತ್ತ ಬಡಿದ ಮೇಲೆ ಉಳಿಯುವ ಹುಲ್ಲು, ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ಸಾರ ಕಾಳಿಗೆ ಹೋಗಿರುತ್ತದೆ. ಹಸಿರಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲು ಬೇಕು. ಹೊರದೇಶದ ಟಿಮೊಥಿ ಹುಲ್ಲು ಇದಕ್ಕೆ ಹೆಸರುವಾಸಿ. ಅದು ದುಬಾರಿ ಎನ್ನುವವರಿಗೆ ಗಣಪತಿಗೆ ಏರಿಸುವ ಗರಿಕೆ ಇದೆ. ಇದೇ ಗರಿಕೆಯನ್ನು ಬರ್ಮುಡ ಹುಲ್ಲು ಎಂಬ ಹೆಸರಲ್ಲಿ ಹೊರದೇಶದವರು ಒಣಗಿಸಿ ಗಿನಿಪಿಗ್ಗಿಗೆ ಹಾಕುತ್ತಾರೆ. ಆದರೆ ರಸ್ತೆ ಬದಿಯದು, ಔಷಧಿ ಹೊಡೆದದ್ದು, ನಾಯಿ ಓಡಾಡಿದ ಕಡೆಯದು ಖಂಡಿತ ಬೇಡ. ಕುದುರೆಮಸಾಲೆ ಎಂದು ರೈತರು ಕರೆಯುವ ಲೂಸರ್ನ್ ಮೇವಿನಲ್ಲಿ ಸುಣ್ಣದಂಶ ಹೆಚ್ಚು. ಅದು ಮರಿಗೂ ಬಸುರಿಗೂ ಒಳ್ಳೆಯದು. ಬೆಳೆದ ಪ್ರಾಣಿಗೆ ದಿನವೂ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲಾಗುವ ಭಯವಿದೆ.

ಇನ್ನು ಸಿ ಜೀವಸತ್ವ. ಕನ್ನಡ ಶಾಲೆಯ ವಿಜ್ಞಾನದ ಪಾಠದಲ್ಲಿ "ಸಿ ಜೀವಸತ್ವದ ಕೊರತೆಯಿಂದ ಸ್ಕರ್ವಿ" ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ. ನಾಯಿ, ಬೆಕ್ಕು, ಮೊಲ, ಇಲಿ ಇವೆಲ್ಲ ಅದನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೂ ಮಂಗನಿಗೂ ಗಿನಿಪಿಗ್ಗಿಗೂ ಆ ಶಕ್ತಿ ಇಲ್ಲ. ಅದಕ್ಕೆ ಬೇಕಾದ ಒಂದು ಕಿಣ್ವ ನಮ್ಮಲ್ಲಿಲ್ಲ. ಈ ಸಂಗತಿ ತಿಳಿಯಲು ದಾರಿಯಾದದ್ದೂ ಗಿನಿಪಿಗ್ಗೇ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬ ಇಬ್ಬರು ವೈದ್ಯರು ಹಡಗಿನ ನಾವಿಕರ ಕಾಯಿಲೆಯನ್ನು ಅಭ್ಯಾಸ ಮಾಡುತ್ತ ಗಿನಿಪಿಗ್ಗುಗಳಿಗೆ ಬರೀ ಧಾನ್ಯ, ಬ್ರೆಡ್ಡು ತಿನ್ನಿಸಿ ನೋಡಿದರು. ಅವಕ್ಕೆ ಸ್ಕರ್ವಿ ಬಂತು. ಎಲೆಕೋಸು, ನಿಂಬೆರಸ ಕೊಟ್ಟಾಗ ರೋಗ ದೂರವಾಯಿತು. ಅವರು ಇಲಿಯ ಮೇಲೆ ಪ್ರಯೋಗ ಮಾಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಮುಂದೆ 1932ರ ಹೊತ್ತಿಗೆ ಸಿ ಜೀವಸತ್ವ ಇಂಥದ್ದೇ ಎಂದು ಗೊತ್ತಾಯಿತು. ಆ ಕೆಲಸಕ್ಕಾಗಿ ಹಂಗೆರಿಯ ಸೆಂಟ್-ಗ್ಯೋರ್ಗಿಯವರಿಗೆ 1937ರಲ್ಲಿ ನೊಬೆಲ್ ಬಹುಮಾನ ಬಂತು.

ಬಟ್ಟಲು ತುಂಬಿದ್ದೂ ಪ್ರಾಣಿ ಹಸಿದಿರಬಹುದು ಎಂಬುದಕ್ಕೆ ನಮ್ಮ ಕಟ್ಟಡದಲ್ಲೇ ಒಂದು ನಿದರ್ಶನ ಸಿಕ್ಕಿತು. ಎರಡನೇ ಮಾಳಿಗೆಯವರ ಗಿನಿಪಿಗ್ ಹಿಂಗಾಲು ಎಳೆಯತೊಡಗಿತು. ಮುಟ್ಟಿದರೆ ಕೀರಲು ದನಿಯಲ್ಲಿ ಕಿರುಚೋದು. ಮನೆಯ ಚಿಕ್ಕ ಹುಡುಗಿ ಎತ್ತಿಕೊಂಡು ಬೀಳಿಸಿರಬೇಕು ಎಂದು ಎಲ್ಲರೂ ಅವಳನ್ನೇ ಬೈದರು. "ನಾನು ಬೀಳಿಸಿಲ್ಲ" ಅಂತ ಅವಳು ಅತ್ತದ್ದೇ ಬಂತು, ಕೇಳುವವರಿಲ್ಲ. ಪಶುವೈದ್ಯರು ನೋಡಿ, ಮೂಳೆ ಮುರಿದಿಲ್ಲ, ಕೀಲು ಬಾತಿವೆ, ಇದು ಸ್ಕರ್ವಿ ಎಂದರು. ವಿಚಾರಿಸಿದರೆ, ಎರಡು ತಿಂಗಳಿಂದ ಹಾಕುತ್ತಿದ್ದದ್ದು ಮೊಲದ ಪೆಲೆಟ್ ಮತ್ತು ಸೌತೆಕಾಯಿ! ಮೊಲಕ್ಕೆ ಹೊರಗಿನಿಂದ ಸಿ ಜೀವಸತ್ವ ಬೇಡ, ಹಾಗಾಗಿ ಅದರ ಪೆಲೆಟ್ಟಿನಲ್ಲಿ ಅದನ್ನು ಸೇರಿಸುವುದಿಲ್ಲ. ವೈದ್ಯರು ಹೇಳಿದಂತೆ ಔಷಧ ಕೊಟ್ಟ ಮೇಲೆ ಪ್ರಾಣಿ ಓಡಾಡಿತು, ಹುಡುಗಿಯ ಮೇಲಿನ ಅಪವಾದವೂ ಹೋಯಿತು.

ಈಗ ನಮ್ಮ ಜಮಾಖರ್ಚಿಗೆ ಬರೋಣ. ಕಿಲೋ ತೂಕದ ಪ್ರಾಣಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಬೇಕು. ಬಸುರಿಗೆ, ಮರಿಗೆ, ಕಾಯಿಲೆಯದಕ್ಕೆ ಮೇಲಿನ ಅಂಕಿ. ನಡುವಿನ 20 ಹಿಡಿಯೋಣ. ಹಸಿರು ದೊಣ್ಣೆಮೆಣಸಿನಕಾಯಿಯಲ್ಲಿ 100 ಗ್ರಾಮಿಗೆ ಸುಮಾರು 80 ಮಿಲಿಗ್ರಾಂ ಇರುತ್ತದೆ, ಅಂದರೆ 25 ಗ್ರಾಂ ಸಾಕು. ಸೀಬೆ ಹಣ್ಣಿನಲ್ಲಿ 200ಕ್ಕೂ ಮಿಕ್ಕಿ ಇರುವುದರಿಂದ 10 ಗ್ರಾಮಿನ ಚೂರಿಗೇ ಲೆಕ್ಕ ಚುಕ್ತಾ. ಆದರೆ ಅದು ಸಿಹಿ, ವಾರಕ್ಕೆ ಒಂದೆರಡು ಸಲ ಕೊಟ್ಟರೆ ಸರಿ. ಗಜ್ಜರಿಯಲ್ಲಿ ಇರುವುದು ಬರೀ 6, ಆ ಲೆಕ್ಕಕ್ಕೆ 300 ಗ್ರಾಮಿಗೂ ಮೇಲೆ ತಿನ್ನಬೇಕು. ಸೌತೆಕಾಯಿಯಾದರೆ ಅರ್ಧ ಕಿಲೋ ಮೀರಿ ಬೇಕು. ಕಿಲೋ ತೂಕದ ಪ್ರಾಣಿ ಅರ್ಧ ಕಿಲೋ ಸೌತೆ ತಿನ್ನುವುದುಂಟೇ?

ಪೆಲೆಟ್ಟಿನ ಲೆಕ್ಕವೂ ಆಗಲಿ. ಪೊಟ್ಟಣದ ಮೇಲೆ ಕಿಲೋಗೆ 500 ಮಿಲಿಗ್ರಾಂ ಎಂದು ಬರೆದಿದೆ ಅಂತಿಟ್ಟುಕೊಳ್ಳಿ. ದಿನಕ್ಕೆ 20 ಗ್ರಾಂ ಹಾಕಿದರೆ ಸಿಕ್ಕುವುದು 10 ಮಿಲಿಗ್ರಾಂ. ಆದರೆ ಸಿ ಜೀವಸತ್ವ ಗಾಳಿಗೆ, ಬೆಳಕಿಗೆ, ಸೆಕೆಗೆ, ತೇವಕ್ಕೆ ನಾಶವಾಗುವಂಥದ್ದು. ನಮ್ಮ ಅಕೌಂಟೆನ್ಸಿಯಲ್ಲಿ ಯಂತ್ರಕ್ಕೆ ಸವಕಳಿ ಹಾಕುತ್ತೇವಲ್ಲ, ಹಾಗೆಯೇ ಇದಕ್ಕೂ ಹಾಕಬೇಕು. ಬೇಗ ಕೆಡದಂತೆ ಸ್ಥಿರಗೊಳಿಸದ ಸಿ ಜೀವಸತ್ವವಾದರೆ ತಯಾರಾದ ಸುಮಾರು ಮೂರು ತಿಂಗಳಲ್ಲಿ ಅರ್ಧ ಹೋಗಿರುತ್ತದೆ. ಉಳಿದದ್ದು 5 ಮಿಲಿಗ್ರಾಂ! ಮುಂಬಯಿಯ ಮಳೆಗಾಲದಲ್ಲಿ, ಹಪ್ಪಳವೇ ಮೆತ್ತಗಾಗುವ ಹವೆಯಲ್ಲಿ, ಪೊಟ್ಟಣ ಬಾಯ್ದೆರೆದು ಬಿದ್ದಿದ್ದರೆ ಕೇಳುವುದೇ ಬೇಡ. ಕುಡಿಯುವ ನೀರಿಗೆ ಮಾತ್ರೆ ಪುಡಿ ಮಾಡಿ ಹಾಕುವುದೂ ಇದೇ ಕಾರಣಕ್ಕೆ ನಂಬಿಗಸ್ತ ಉಪಾಯವಲ್ಲ. ರುಚಿ ಕೆಟ್ಟಿತೆಂದು ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡೀತು.

ಹಾಗಂತ ಪೆಲೆಟ್ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ಪೇಟೆಯ ಹುಲ್ಲು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಸೊಪ್ಪಿಗೂ ಒಂದೊಂದು ಋತು. ಆಗ ಖನಿಜ, ಜೀವಸತ್ವಗಳಲ್ಲಿ ಬೀಳುವ ಖೋತಾವನ್ನು ಚಮಚದಷ್ಟು ಪೆಲೆಟ್ ತುಂಬಿಕೊಡುತ್ತದೆ. ಅದು ಇನ್ಶೂರೆನ್ಸ್ ಇದ್ದ ಹಾಗೆ. ಪಾಲಿಸಿ ಇರುವುದು ಒಳ್ಳೆಯದೇ, ಆದರೆ ಪಾಲಿಸಿಯ ಮೇಲೆ ಸಂಸಾರ ನಡೆಯುವುದಿಲ್ಲ, ಸಂಸಾರಕ್ಕೆ ಸಂಬಳವೇ ಬೇಕು. ಗಿನಿಪಿಗ್ಗಿನ ಸಂಬಳ ಹುಲ್ಲು ಮತ್ತು ಹಸಿರು.

ಪೆಲೆಟ್ ಹಾಕುವವರು ಇಷ್ಟು ನೋಡಿಕೊಳ್ಳಬೇಕು. ಗಿನಿಪಿಗ್ಗಿಗೆಂದೇ ಮಾಡಿದ್ದಾಗಿರಲಿ. ಬಣ್ಣಬಣ್ಣದ ಕಾಳು, ಬೀಜ ಬೆರೆಸಿದ್ದು ಬೇಡ, ಅದರಲ್ಲಿ ರುಚಿಯಾದದ್ದನ್ನಷ್ಟೇ ಹೆಕ್ಕಿ ತಿಂದು ಪ್ರಾಣಿ ಕೊಬ್ಬುತ್ತದೆ. ತಯಾರಾದ ತಾರೀಖು ನೋಡಿ ಸಣ್ಣ ಪೊಟ್ಟಣ ತನ್ನಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪು ಜಾಗದಲ್ಲಿಡಿ. ಬೆಳೆದ ಪ್ರಾಣಿಗೆ ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು.

ಪೆಲೆಟ್ ಬೇಡವೆನ್ನುವವರ ಜವಾಬ್ದಾರಿ ಇನ್ನೂ ಹೆಚ್ಚು. ಒಳ್ಳೆಯ ಹುಲ್ಲು ಒಂದು ದಿನವೂ ತಪ್ಪಬಾರದು. ದೊಣ್ಣೆಮೆಣಸಿನಕಾಯಿ ಚೂರಿನ ಜತೆಗೆ ಕೊತ್ತಂಬರಿ ಮುಂತಾದ ಸೊಪ್ಪುಗಳನ್ನು ಬದಲಾಯಿಸಿ ಕೊಡಬೇಕು. ಹೊಸದೇನು ಕೊಟ್ಟರೂ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಸಿ ರಾಜ್ಮಾ, ಬ್ರೆಡ್ಡು, ಹಾಲು ಯಾರ ಮನೆಯಲ್ಲೂ ಬೇಡವೇ ಬೇಡ. ಎರಡು ಪಂಗಡದವರೂ ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ಪ್ರಾಣಿಯನ್ನು ತೂಗಿ ಬರೆದಿಟ್ಟರೆ ಉತ್ತಮ. ರೋಗ ಕಣ್ಣಿಗೆ ಕಾಣುವ ಮುಂಚೆ ತೂಕದಲ್ಲಿ ಕಾಣುತ್ತದೆ. ಕೂದಲು ಒರಟಾಗಿ, ಊಟ ಬಿಟ್ಟು, ನಡೆಯಲು ಹಿಂಜರಿದರೆ ನಾಳೆಗೆಂದು ಕಾಯದೆ ಪಶುವೈದ್ಯರಲ್ಲಿಗೆ ಹೋಗಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಗಾದೆ. ಪಂಜರದೊಳಗಿನ ಜೀವ ತನ್ನ ಊಟವನ್ನು ತಾನೇ ಆರಿಸಿಕೊಳ್ಳಲಾರದು, ಇಂಥದ್ದು ಕಡಿಮೆಯಾಯಿತೆಂದು ಬಾಯಿಬಿಟ್ಟು ಹೇಳಲೂ ಆರದು. ಅದರ ಪರವಾಗಿ ಊಟ ಬಲ್ಲವರು ನಾವಾಗಬೇಕು. ಪೆಲೆಟ್ ಹಾಕಿ, ಬಿಡಿ, ಅದು ನಿಮ್ಮ ಇಷ್ಟ. ಹುಲ್ಲಿಗೂ ಹಸಿರಿಗೂ ಮಾತ್ರ ರಜೆಯಿಲ್ಲ.