ಮಳೆಯ ನಗರದಲ್ಲಿ ಮರಳುನಾಡಿನ ಜನ

ಮರುಭೂಮಿಯ ದೊಡ್ಡ ನಗರವೆಂದೊಡನೆ ನಮ್ಮ ವಿದ್ಯಾರ್ಥಿಗಳು ಭೂಪಟದಲ್ಲಿ ಕೈರೋವನ್ನೋ ಜೋಧಪುರವನ್ನೋ ಬಿಕಾನೇರವನ್ನೋ ಹುಡುಕುವರು. ಅದು ಸಹಜವೇ ಸರಿ. ಆದರೆ ನಮ್ಮ ದೇಶದ ಮರಳುನಾಡಿನ ಜನರು ಬೆಳೆಸಿದ ಅತಿ ದೊಡ್ಡ ಪೇಟೆಗಳಲ್ಲೊಂದನ್ನು ಕಾಣಬೇಕಾದರೆ ಥಾರ್ ಮರುಭೂಮಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಪೂರ್ವಕ್ಕೆ ಸಾಗಿ, ಹೂಗ್ಲಿ ನದಿಯ ದಂಡೆಯ ಮೇಲಿರುವ ಕಲ್ಕತ್ತೆಗೆ ಹೋಗಬೇಕು. ಅಲ್ಲಿಯ ಬಡಾಬಜಾರಿನ ವಿಷಯವನ್ನೂ ಅದನ್ನು ಬೆಳೆಸಿದವರ ವಿಷಯವನ್ನೂ ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ.

ಕಲ್ಕತ್ತೆಯು ಜಲದಲ್ಲಿ ಹುಟ್ಟಿದ ನಗರ. ಸೂತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಮೂರು ಹಳ್ಳಿಗಳು ಕೂಡಿ ಬೆಳೆದುದೇ ಈ ಊರು. 1690ರಲ್ಲಿ ಇಂಗ್ಲಿಷ್ ಕಂಪನಿಯ ಜಾಬ್ ಚಾರ್ನಾಕನು ಇಲ್ಲಿ ಬಂದಿಳಿದುದನ್ನೇ ನಗರದ ಜನ್ಮದಿನವೆಂದು ಬಹುಕಾಲ ಪಾಠ ಹೇಳುತ್ತಿದ್ದರು. ಆದರೆ ಆತನನ್ನು ನಗರದ ಸ್ಥಾಪಕನೆನ್ನಲಾಗದೆಂದು 2003ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವೇ ತೀರ್ಪಿತ್ತಿತು. 1911ರ ವರೆಗೆ ಇದು ಬ್ರಿಟಿಷ್ ಇಂಡಿಯಾದ ರಾಜಧಾನಿಯಾಗಿದ್ದಿತು. 2001ರಿಂದ ಅಧಿಕೃತವಾಗಿ ಕೋಲ್ಕತಾ ಎಂಬ ಹೆಸರು ಬಂದಿದೆಯಾದರೂ ನಮ್ಮವರ ಬಾಯಲ್ಲಿ ಕಲ್ಕತ್ತೆ ಎಂಬುದೇ ನಿಂತಿದೆ. ನಾನೂ ಹಾಗೆಯೇ ಬರೆಯುತ್ತೇನೆ. 2011ರ ಜನಗಣತಿಯಂತೆ ನಗರಸಭೆಯ ಎಲ್ಲೆಯೊಳಗೆ ಸುಮಾರು 45 ಲಕ್ಷ ಜನರೂ, ಸುತ್ತಲಿನ ಪಟ್ಟಣಗಳನ್ನು ಸೇರಿಸಿದರೆ 1 ಕೋಟಿ 41 ಲಕ್ಷ ಜನರೂ ಇದ್ದರು.

ಕಲ್ಕತ್ತೆಯಲ್ಲಿ ವರ್ಷಕ್ಕೆ 150 ಸೆಂಟಿಮೀಟರಿಗೂ ಮೀರಿ ಮಳೆಯಾಗುತ್ತದೆ. ಬಿಕಾನೇರದಲ್ಲಿ 30 ಸೆಂಟಿಮೀಟರ್ ಸಹ ಆಗದು. ಒಂದೆಡೆ ನೀರನ್ನು ಹೊರಗೆ ಹಾಕುವುದೇ ಚಿಂತೆ, ಮತ್ತೊಂದೆಡೆ ಹನಿಯನ್ನು ಕೂಡಿಡುವುದೇ ಚಿಂತೆ. ಶೇಖಾವಾಟಿ ಪ್ರಾಂತದಲ್ಲಿ ಬಾವಿಯ ಸುತ್ತ ನಾಲ್ಕು ಎತ್ತರವಾದ ಗೋಪುರದಂತಹ ಕಂಬಗಳನ್ನು ನಿಲ್ಲಿಸುತ್ತಿದ್ದರು. ದಾರಿಹೋಕನು ದೂರದ ಮರಳುದಿಣ್ಣೆಯ ಮೇಲಿನಿಂದಲೇ ಅವನ್ನು ಕಂಡು ನೀರಿನ ನೆಲೆಯನ್ನು ತಿಳಿಯಲಿ ಎಂಬುದು ಅದರ ಉದ್ದೇಶ. ಇಂಥ ನಾಡಿನವರು ಜೌಗು ನೆಲದ ಬಂಗಾಳಕ್ಕೆ ಏಕೆ ಬಂದರು?

ಬಂದವರೆಲ್ಲರನ್ನೂ ಬಂಗಾಳದಲ್ಲಿ ಮಾರವಾಡಿಗಳೆಂದು ಕರೆದರು. ಮಾರವಾಡವೆಂದರೆ ಜೋಧಪುರದ ಸೀಮೆ. ಆದರೆ ಕಲ್ಕತ್ತೆಗೆ ಬಂದವರಲ್ಲಿ ಹೆಚ್ಚಿನವರು ಅಲ್ಲಿಯವರಲ್ಲ. ಬಿಕಾನೇರ, ಚೂರೂ, ಸೀಕರ, ಝುಂಝುನೂ ಸೀಮೆಗಳ ಪುಟ್ಟ ಊರುಗಳವರು. ಮೊದಲಿಗೆ ಆ ಊರುಗಳೇ ವ್ಯಾಪಾರದ ಮಾರ್ಗದಲ್ಲಿದ್ದವು. ಗುಜರಾತಿನ ಬಂದರುಗಳಿಗೂ ಉತ್ತರದ ನಗರಗಳಿಗೂ ನಡುವೆ ಒಂಟೆಗಳ ಸಾಲು ಮರಳಿನ ಮೇಲೆ ನಡೆಯುತ್ತಿದ್ದಿತು. ಕಂಪನಿಯ ಬಂದರುಗಳೂ ಆಮೇಲೆ ರೈಲುದಾರಿಗಳೂ ಸರಕನ್ನು ಬೇರೆ ಕಡೆಗೆ ಎಳೆದುಕೊಂಡುದರಿಂದ ಈ ಮಾರ್ಗ ಬಡವಾಯಿತು. ಇದರ ಮೇಲೆ ಕ್ಷಾಮ. ವಿಕ್ರಮ ಸಂವತ್ಸರ 1956ರಲ್ಲಿ, ಎಂದರೆ 1899-1900ರಲ್ಲಿ ಬಂದ ಘೋರ ಕ್ಷಾಮವನ್ನು ರಾಜಸ್ಥಾನದವರು ‘ಛಪ್ಪನಿಯಾ’ ಎಂದು ಇಂದಿಗೂ ನೆನೆಯುತ್ತಾರೆ. ಹುಡುಗನಿಗೆ ಹದಿಮೂರು ಹದಿನಾಲ್ಕು ವರ್ಷವಾಗುತ್ತಲೇ, ಲೆಕ್ಕ ಕಲಿಸಿ, ಪೂರ್ವದಿಕ್ಕಿಗೆ ಕಳುಹಿಸುವುದು ಎಷ್ಟೋ ಮನೆಗಳಲ್ಲಿ ವಾಡಿಕೆಯಾಯಿತು. ಈ ಸಂಚಿಕೆಯನ್ನು ಓದುವ ನಮ್ಮ ಪ್ರೌಢಶಾಲೆಯ ಹುಡುಗರು ತಮ್ಮ ವಯಸ್ಸನ್ನು ಒಮ್ಮೆ ನೆನೆಯಲಿ.

ಇವರಿಗೆ ಮುನ್ನವೂ ಒಂದು ಕುಟುಂಬ ಈ ದಾರಿ ತುಳಿದಿದ್ದಿತು. ಮರಳುಸೀಮೆಯ ನಾಗೌರದಿಂದ ಹೊರಟ ಹೀರಾನಂದ ಸಾಹು 1652ರಲ್ಲಿ ಪಾಟ್ನಾ ಸೇರಿದನು. ಅವನ ವಂಶದವರು ಮುರ್ಶಿದಾಬಾದಿನ ನವಾಬರಿಗೆ ಸಾಲ ಕೊಡುವಷ್ಟು ಬೆಳೆದು, ಮೊಗಲ್ ಬಾದಶಹನಿಂದ ‘ಜಗತ್ ಸೇಠ್’ ಎಂಬ ಬಿರುದನ್ನು ಪಡೆದರು. 1757ರ ಪ್ಲಾಸೀ ಕದನದ ಹಿಂದಿನ ಒಳಸಂಚಿನಲ್ಲಿ ಈ ಮನೆತನದ ಕೈಯಿದ್ದಿತು. 1763ರಲ್ಲಿ ನವಾಬ ಮೀರ್ ಕಾಸಿಮನು ಅವರನ್ನು ಕೊಲ್ಲಿಸಿದನು. ಹಣವು ಸಿಂಹಾಸನವನ್ನು ಅಲುಗಿಸಬಲ್ಲುದು, ಆದರೆ ಕಾಪಾಡಲಾರದು ಎಂದು ಬಂಗಾಳದವರು ಈ ಕತೆಯಿಂದ ತಿಳಿದರೋ ಏನೋ. ಮಾರವಾಡಿಗಳಂತೂ ಆಮೇಲೆ ಬಹುಕಾಲ ರಾಜಕೀಯದಿಂದ ದೂರವೇ ಉಳಿದರು.

ಹೌರಾ ಸೇತುವೆಯು 1943ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಉಕ್ಕು ಸುಮಾರು 26,500 ಟನ್ನು. ರೈಲು ನಿಲ್ದಾಣದಿಂದ ಈ ಸೇತುವೆಯನ್ನು ದಾಟಿ ಪೂರ್ವದಂಡೆಗೆ ಇಳಿದರೆ, ಕೆಳಗೆ ಮಲ್ಲಿಕ್ ಘಾಟಿನ ಹೂವಿನ ಸಂತೆ. ಮುಂದಕ್ಕೆ ಮಹಾತ್ಮಾ ಗಾಂಧಿ ರಸ್ತೆ. ಎರಡು ಪಕ್ಕದಲ್ಲಿಯೂ ಬಡಾಬಜಾರು. 2024ರಿಂದ ನದಿಯ ಅಡಿಯ ಸುರಂಗದಲ್ಲಿ ಮೆಟ್ರೋ ರೈಲೂ ಓಡುತ್ತಿದೆ; ಆದರೆ ಬಡಾಬಜಾರನ್ನು ನೋಡುವವನು ನಡೆದೇ ಹೋಗಬೇಕು. ಬೆಂಗಳೂರಿನ ಚಿಕ್ಕಪೇಟೆಯನ್ನು ಹತ್ತು ಪಟ್ಟು ಮಾಡಿ, ಅದರ ಮೇಲೆ ನಾಲ್ಕೈದು ಅಂತಸ್ತು ಏರಿಸಿದಂತೆ ಕಲ್ಪಿಸಿಕೊಳ್ಳಿರಿ. ಒಳಗೆ ಅಂಗಳ, ಸುತ್ತ ಸಾಲು ಮಳಿಗೆಗಳು, ಮೇಲೆ ಮನೆಗಳು. ಇಂಥ ಕಟ್ಟಡಕ್ಕೆ ‘ಕಟರಾ’ ಎಂದು ಹೆಸರು. ಒಂದರಲ್ಲಿ ಸೀರೆ, ಒಂದರಲ್ಲಿ ಸಂಬಾರ, ಮತ್ತೊಂದರಲ್ಲಿ ಕಾಗದ. ತಲೆಯ ಮೇಲೆ ಆಳೆತ್ತರದ ಮೂಟೆ ಹೊತ್ತ ‘ಮುಟಿಯಾ’ಗಳು ದಾರಿ ಬಿಡಿರೆಂದು ಕೂಗುತ್ತ ಬರುವರು. ಅವರಲ್ಲಿ ಅನೇಕರು ಬಿಹಾರದಿಂದ ಬಂದವರು. ಬಡಾಬಜಾರಿನ ಐಶ್ವರ್ಯವನ್ನು ವರ್ಣಿಸುವವರು ಆ ಐಶ್ವರ್ಯವನ್ನು ತಲೆಯ ಮೇಲೆ ಹೊತ್ತವರನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಊರಿನಿಂದ ಬಂದ ಹುಡುಗನು ನೇರವಾಗಿ ‘ಬಾಸಾ’ಕ್ಕೆ ಹೋಗುತ್ತಿದ್ದನು. ಅದು ತಮ್ಮ ಸೀಮೆಯವರು ಕೂಡಿ ನಡೆಸುವ ಊಟದ ಮನೆ. ಅಲ್ಲಿ ಉಂಡು, ಯಾರದೋ ‘ಗದ್ದಿ’ಯಲ್ಲಿ, ಎಂದರೆ ಬಿಳಿಯ ಹಾಸು ಹಾಸಿದ ವ್ಯಾಪಾರದ ಕೊಠಡಿಯಲ್ಲಿ, ರಾತ್ರಿ ಮಲಗಿ, ಹಗಲು ಮುನೀಮನ ಬಳಿ ಕೆಲಸ ಕಲಿಯುತ್ತಿದ್ದನು. ಕ್ರಮೇಣ ಬಟ್ಟೆಯ ದಲ್ಲಾಳಿಯಾಗಿ, ಇಂಗ್ಲಿಷ್ ಕಂಪನಿಗಳ ಸರಕನ್ನು ಒಳನಾಡಿಗೆ ಮುಟ್ಟಿಸುತ್ತಿದ್ದನು. ಸೆಣಬಿನ ವ್ಯಾಪಾರವಂತೂ ಅನೇಕರ ಕೈಹಿಡಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಿಗೆ ಮರಳುಚೀಲಗಳು ಅಪಾರವಾಗಿ ಬೇಕಾದವು. ಮರಳಿನ ನಾಡಿನವರಿಗೆ ಮರಳುಚೀಲದಿಂದ ಭಾಗ್ಯ ತೆರೆದುದು ವಿಚಿತ್ರವಲ್ಲವೇ! ಪಿಲಾನಿಯಲ್ಲಿ 1894ರಲ್ಲಿ ಹುಟ್ಟಿದ ಘನಶ್ಯಾಮದಾಸ ಬಿರ್ಲಾ ಅವರು ಕಲ್ಕತ್ತೆಯಲ್ಲಿ ದಲ್ಲಾಳಿಯಾಗಿ ಆರಂಭಿಸಿ, ಯುದ್ಧ ಮುಗಿದ ಮೇಲೆ, ಅದುವರೆಗೆ ಯುರೋಪಿಯನರ ಕೈಯಲ್ಲಿಯೇ ಇದ್ದ ಸೆಣಬಿನ ಗಿರಣಿಯ ಉದ್ಯಮಕ್ಕೆ ಕೈಹಾಕಿದರು. ಎಲ್ಲರೂ ಬಿರ್ಲಾ ಆಗಲಿಲ್ಲ. ಕಡೆಯವರೆಗೆ ಮುನೀಮರಾಗಿಯೇ ಉಳಿದವರ ಸಂಖ್ಯೆಯೇ ಹೆಚ್ಚು.

ಈ ಜನರ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಅವರು ಮಳೆಯ ಮೇಲೆ ಜೂಜಾಡುತ್ತಿದ್ದರು! ಇಂತಿಷ್ಟು ವೇಳೆಯೊಳಗೆ ಮಾಳಿಗೆಯ ದೋಣಿಯಿಂದ ನೀರು ಸುರಿಯುವಷ್ಟು ಮಳೆ ಬರುವುದೇ ಇಲ್ಲವೇ ಎಂದು ಪಣ ಕಟ್ಟುವರು. ಮೋಡ ನೋಡುವುದರಲ್ಲಿ ಮರುಭೂಮಿಯವನಷ್ಟು ನಿಪುಣನು ಯಾವನು? ಬಡಾಬಜಾರಿನ ಬೀದಿಯಲ್ಲಿ ಜನ ಆಕಾಶ ನೋಡುತ್ತ ನಿಲ್ಲುವರು. ಕೊನೆಗೆ ಸರ್ಕಾರವು 1897ರಲ್ಲಿ ಮಳೆಯ ಜೂಜನ್ನು ತಡೆಯಲೆಂದೇ ಒಂದು ಪ್ರತ್ಯೇಕ ಕಾನೂನನ್ನು ಮಾಡಿತು. ಇದು ನಮ್ಮ ನಾಡಿನ ಹಳೆಯ ಪದ್ಧತಿ ಎಂದು ವರ್ತಕರು ವಾದಿಸಿದರೂ ಫಲವಾಗಲಿಲ್ಲ. ಅದೇ ಕಾಲದಲ್ಲಿ ಕುದುರೆಯ ಜೂಜು ಮಾತ್ರ ಯಾವ ಅಡ್ಡಿಯೂ ಇಲ್ಲದೆ ನಡೆಯುತ್ತಿದ್ದಿತು. ಅದನ್ನು ಆಡುತ್ತಿದ್ದವರು ದೊರೆಗಳು.

ಊಟದಲ್ಲಿ ಮರುಭೂಮಿ ಅವರನ್ನು ಬಿಡಲಿಲ್ಲ. ಕಲ್ಕತ್ತೆಯ ಪೂರ್ವಭಾಗದಲ್ಲಿ ಸುಮಾರು 125 ಚದರ ಕಿಲೋಮೀಟರ್ ಜೌಗುಭೂಮಿಯಿದೆ; ನಗರದ ಕೊಳಚೆ ನೀರು ಅಲ್ಲಿಯ ಕೆರೆಗಳಲ್ಲಿ ಬಿಸಿಲಿನಿಂದಲೂ ಪಾಚಿಯಿಂದಲೂ ಶುದ್ಧವಾಗಿ ಮೀನು ಬೆಳೆಸುತ್ತದೆ. ಬಂಗಾಳಿಗೆ ಮೀನಿಲ್ಲದೆ ಊಟವಿಲ್ಲ. ಅವನ ನೆರೆಯಲ್ಲಿಯೇ ಮಾರವಾಡಿಯು ಮಡಕೆ ಕಾಳಿನ ಹಿಟ್ಟಿನ ಭುಜಿಯಾವನ್ನೂ, ಕೇರ್ ಸಾಂಗ್ರಿಯ ಪಲ್ಯವನ್ನೂ ಮಾಡಿಕೊಂಡು ಉಣ್ಣುವನು. ಸಾಂಗ್ರಿ ಎಂಬುದು ಖೇಜಡಿ ಮರದ ಒಣಗಿಸಿದ ಕಾಯಿ. ಆ ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ ಮರವೇ. ನಮಗೆ ಅದರ ಎಲೆ ಬಂಗಾರ. ಅವರಿಗೆ ಅದರ ಕಾಯಿ ಕ್ಷಾಮಕಾಲದ ಅನ್ನ.

ನೆರೆಯವರ ನಡುವೆ ಎಲ್ಲವೂ ಸುಗಮವಾಗಿತ್ತೆಂದರೆ ಸುಳ್ಳಾಗುವುದು. ಮಾರವಾಡಿ ಎಂಬುದನ್ನು ಜಿಪುಣನೆಂಬ ಅರ್ಥದ ಬಯ್ಗುಳವಾಗಿ ಬಳಸುವುದು ಅಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. 1943ರ ಮಹಾಕ್ಷಾಮದಲ್ಲಿ ಬಂಗಾಳದ ಇಪ್ಪತ್ತು ಮೂವತ್ತು ಲಕ್ಷ ಜನ ಸತ್ತಾಗ, ಧಾನ್ಯ ಕೂಡಿಟ್ಟ ವ್ಯಾಪಾರಿಗಳ ಮೇಲೆ ಜನರ ಕೋಪ ತಿರುಗಿತು. ಕೂಡಿಟ್ಟವರಲ್ಲಿ ಎಲ್ಲ ಜಾತಿಯ ವರ್ತಕರೂ ಇದ್ದರು. ಸರ್ಕಾರದ ತಪ್ಪಂತೂ ಬೆಟ್ಟದಷ್ಟಿದ್ದಿತು. 1913ರಿಂದ ಸೇವೆಯಲ್ಲಿದ್ದ ಮಾರವಾಡಿಗಳ ಪರಿಹಾರ ಸಂಘವೇ ಅದೇ ಕ್ಷಾಮದಲ್ಲಿ ಹಸಿದವರಿಗೆ ನೆರವಾಯಿತು. ಎರಡೂ ನಿಜ. ಒಂದನ್ನು ಹೇಳಿ ಮತ್ತೊಂದನ್ನು ಬಿಡುವುದು ನ್ಯಾಯವಲ್ಲ.

ಗಳಿಸಿದ ಹಣದಲ್ಲಿ ಬಹುಭಾಗ ಊರಿಗೆ ಹೋಯಿತು. ಮಂಡಾವಾ, ನವಲಗಢ, ಫತೇಪುರ, ರಾಮಗಢಗಳಲ್ಲಿ ದೊಡ್ಡ ಹವೇಲಿಗಳೆದ್ದವು. ಗೋಡೆಗಳ ಮೇಲೆಲ್ಲ ಚಿತ್ರ: ಕೃಷ್ಣಲೀಲೆಯ ಪಕ್ಕದಲ್ಲಿಯೇ ರೈಲುಗಾಡಿ, ಮೋಟಾರು, ಗ್ರಾಮಫೋನು, ಟೋಪಿಯ ದೊರೆ. ರೈಲನ್ನು ಕಣ್ಣಿಂದ ಕಾಣದ ಚಿತ್ರಗಾರನು ಕೇಳಿದ್ದನ್ನೇ ಬರೆದಿರುವುದು ಕೆಲವೆಡೆ ಸ್ಪಷ್ಟವಾಗಿದೆ. ಈ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಕಾದಿರುತ್ತಿದ್ದರು. ಯಜಮಾನನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವನು. ಮುಂದೆ ಸಂಸಾರಗಳೂ ಕಲ್ಕತ್ತೆಗೆ ಹೊರಟವು. 1942ರಲ್ಲಿ ಜಪಾನಿನ ಬಾಂಬಿನ ಭಯದಿಂದ ಅನೇಕರು ಊರಿಗೆ ಹಿಂದಿರುಗಿದರು; ಭಯ ಕಳೆದೊಡನೆ ಮತ್ತೆ ಪೂರ್ವಕ್ಕೆ ನಡೆದರು. ಈಗ ಎಷ್ಟೋ ಹವೇಲಿಗಳಿಗೆ ಬೀಗ, ಕಾವಲುಗಾರನೊಬ್ಬನೇ ನಿವಾಸಿ. ರಾಜಸ್ಥಾನದ ಮರಳುದಿಣ್ಣೆಗಳನ್ನು ಹೊಗಳುವ, ಅಲ್ಲಿ ಎಲ್ಲರ ಬಾಯಲ್ಲಿಯೂ ಇರುವ ‘ಧರತೀ ಧೋರಾಂ ರೀ’ ಎಂಬ ಹಾಡನ್ನು ಬರೆದ ಸುಜಾನಗಢದ ಕನ್ಹೈಯಾಲಾಲ ಸೇಠಿಯಾ ಅವರು ಸಹ ಕಲ್ಕತ್ತೆಯಲ್ಲಿಯೇ ನೆಲಸಿ, 2008ರಲ್ಲಿ ಅಲ್ಲಿಯೇ ತೀರಿಕೊಂಡರು.

ಬಡಾಬಜಾರಿಗೂ ಕಷ್ಟಕಾಲ ಬಂದಿದೆ. ಹಳೆಯ ಕಟ್ಟಡಗಳಲ್ಲಿ ತಂತಿಗಳ ಜಡೆ, ಮೆಟ್ಟಲ ಮೇಲೆಲ್ಲ ಸರಕು. 2008ರ ಜನವರಿಯಲ್ಲಿ ನಂದರಾಮ್ ಮಾರುಕಟ್ಟೆಗೆ ಬಿದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಬೆಳೆದ ಮಕ್ಕಳು ಬೆಂಗಳೂರಿಗೋ ದೆಹಲಿಗೋ ಪರದೇಶಕ್ಕೋ ಹೋಗುತ್ತಿದ್ದಾರೆ.

ಅವರ ಅಜ್ಜಂದಿರು ಕೆಂಪು ರಟ್ಟಿನ ‘ಬಹಿ’ಗಳಲ್ಲಿ ಲೆಕ್ಕ ಬರೆಯುತ್ತಿದ್ದ ಲಿಪಿಗೆ ಮುಡಿಯಾ ಎಂದು ಹೆಸರು. ಬೇಗ ಬರೆಯಲೆಂದು ಅದರಲ್ಲಿ ಸ್ವರಚಿಹ್ನೆಗಳನ್ನೇ ಬಿಡುತ್ತಿದ್ದರು. ‘ಕಾಕಾ ಅಜಮೇರ್ ಗಯಾ’, ಚಿಕ್ಕಪ್ಪ ಅಜಮೇರಿಗೆ ಹೋದ ಎಂದು ಬರೆದ ಕಾಗದವನ್ನು ಊರಿನಲ್ಲಿ ‘ಕಾಕಾ ಆಜ್ ಮರ್ ಗಯಾ’, ಚಿಕ್ಕಪ್ಪ ಇಂದು ಸತ್ತ ಎಂದು ಓದಿಕೊಂಡು ಮನೆಮಂದಿಯೆಲ್ಲ ಅತ್ತರೆಂಬ ಕತೆಯನ್ನು ಅವರೇ ನಗುತ್ತ ಹೇಳುವರು. ಈಗ ಆ ಲಿಪಿಯನ್ನು ತಪ್ಪಾಗಿ ಓದುವವರೂ ಅಪರೂಪ. ಹಳೆಯ ಗದ್ದಿಗಳ ಅಟ್ಟದ ಮೇಲೆ, ಬಟ್ಟೆಯಲ್ಲಿ ಕಟ್ಟಿಟ್ಟ ಬಹಿಗಳು ಕಲ್ಕತ್ತೆಯ ಮಳೆಗಾಲದ ತೇವವನ್ನು ಹೀರುತ್ತ ಕುಳಿತಿವೆ.