ಟೊಮೆಟೊ ಬಾಟಲಿಗೆ ಹುಳಿಯೇ ಕಾವಲು

ಹಿತ್ತಲಲ್ಲಿ ಆರು ಟೊಮೆಟೊ ಗಿಡ ಹಾಕಿದವರ ಪಾಡು ವರ್ಷಕ್ಕೆ ಎರಡು ಬಗೆ. ಚಳಿಗಾಲದಲ್ಲಿ ಕಿತ್ತಷ್ಟೂ ಹಣ್ಣು ಮುಗಿಯುವುದಿಲ್ಲ. ಸಾರು, ಗೊಜ್ಜು, ಚಟ್ನಿ ಎಲ್ಲ ಆದ ಮೇಲೆ ಪಕ್ಕದ ಮನೆಗೂ ಒಂದು ಬುಟ್ಟಿ ಹೋಗುತ್ತದೆ. ಏಪ್ರಿಲ್ ಬಂತೆಂದರೆ ಗಿಡ ಹೂ ಬಿಡುತ್ತದೆ, ಉದುರಿಸುತ್ತದೆ, ಸುಮ್ಮನೆ ನಿಲ್ಲುತ್ತದೆ. ಹೊಸಪೇಟೆ, ಕಂಪ್ಲಿ, ಸಂಡೂರಿನ ಬೇಸಿಗೆ ಬಲ್ಲವರಿಗೆ ಇದು ಹೊಸದಲ್ಲ. ಹಗಲಿನ ಬಿಸಿ 35 ಡಿಗ್ರಿ ಸೆಲ್ಸಿಯಸ್ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂವಿನ ಪರಾಗ ಸೊರಗುತ್ತದೆ, ಕಾಯಿ ಕಟ್ಟುವುದಿಲ್ಲ. ತುಂಗಭದ್ರೆಯ ನೀರು ಕಾಲುವೆ ತುಂಬ ಹರಿದರೂ ಇದಕ್ಕೆ ಮದ್ದಾಗದು.

ಸಂತೆಯ ಬೆಲೆಯೂ ಹೀಗೆಯೇ ಏರಿಳಿಯುತ್ತದೆ. 2023ರ ಜುಲೈನಲ್ಲಿ ನಾಡಿನ ಅನೇಕ ಊರುಗಳಲ್ಲಿ ಕಿಲೋ ಟೊಮೆಟೊ ನೂರು ರೂಪಾಯಿ ದಾಟಿದ್ದು ನೆನಪಿರಬಹುದು. ಸುಗ್ಗಿಯ ಹಣ್ಣನ್ನು ಬೇಯಿಸಿ ಬಾಟಲಿಯಲ್ಲಿಟ್ಟರೆ ಬೇಸಿಗೆಯಲ್ಲೂ ವಗ್ಗಾಣಿಗೆ ಟೊಮೆಟೊ ಸಿಗುತ್ತದೆ. ಆಲೋಚನೆ ಒಳ್ಳೆಯದೇ. ಆದರೆ ‘ಬೇಯಿಸಿ ಮುಚ್ಚಿಟ್ಟರಾಯಿತು’ ಎನ್ನುವಷ್ಟು ಸರಳವಲ್ಲ.

ಅಂದಹಾಗೆ, ಹಂಪಿಯ ಪೇಟೆ ರತ್ನಗಳಿಂದ ಮೆರೆಯುತ್ತಿದ್ದ ಕಾಲದಲ್ಲಿ ಅಲ್ಲಿ ಟೊಮೆಟೊ ಇರಲಿಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಊರಿಗೆ ಬರುತ್ತಿದ್ದ ನಿಂಬೆ, ಕಿತ್ತಳೆ, ಬದನೆಗಳ ರಾಶಿ ನೋಡಿ ಬೆರಗಾಗಿ ಬರೆದಿದ್ದಾನೆ. ಬದನೆಯ ಹತ್ತಿರದ ನೆಂಟನಾದ ಟೊಮೆಟೊ ಆಗಿನ್ನೂ ಕಡಲಾಚೆ ಇತ್ತು. ಸ್ಪೇನಿನವರು ಮೆಕ್ಸಿಕೊಗೆ ಕಾಲಿಟ್ಟದ್ದು ಸರಿಸುಮಾರು ಅದೇ ವರ್ಷಗಳಲ್ಲಿ. ನಮ್ಮ ಅಡುಗೆಮನೆಯ ಹಳೆಯ ಹುಳಿಯೆಂದರೆ ಹುಣಸೆ ಮತ್ತು ನಿಂಬೆ. ತಡವಾಗಿ ಬಂದ ಟೊಮೆಟೊವನ್ನು ಕೆಡದಂತೆ ಕಾಯುವುದೂ ಈ ಹಳಬರೇ.

ಬೇಯಿಸಿದ ಆಹಾರವನ್ನು ಗಾಳಿಯಾಡದಂತೆ ಗಾಜಿನ ಬಾಟಲಿಯಲ್ಲಿ ಮುಚ್ಚಿ, ಬಾಟಲಿ ಸಮೇತ ಕುದಿಸುವ ಉಪಾಯವನ್ನು ತೋರಿಸಿಕೊಟ್ಟವನು ಫ್ರಾನ್ಸಿನ ನಿಕೊಲಾ ಅಪೇರ್. 1810ರಲ್ಲಿ ಅಲ್ಲಿನ ಸರಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಆಹಾರ ಯಾಕೆ ಕೆಡುವುದಿಲ್ಲ ಎಂಬುದು ಮಾತ್ರ ಅವನಿಗೂ ತಿಳಿದಿರಲಿಲ್ಲ! ಸೂಕ್ಷ್ಮಜೀವಿಗಳ ಕೈವಾಡವನ್ನು ಲೂಯಿ ಪಾಸ್ತರ್ ವಿವರಿಸಿದ್ದು ಅರ್ಧ ಶತಮಾನದ ನಂತರ.

ಆ ಸೂಕ್ಷ್ಮಜೀವಿಗಳಲ್ಲಿ ಒಂದು ಬಲು ಅಪಾಯಕಾರಿ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ. ಇದರ ಬೀಜಕಣಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಗಾಳಿಯಿಲ್ಲದ, ಹುಳಿ ಕಡಿಮೆಯಿರುವ ಬಾಟಲಿಯೊಳಗೆ ಅವು ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷ ಉಂಟುಮಾಡುತ್ತವೆ. ವಿಷಕ್ಕೆ ಬಣ್ಣ, ವಾಸನೆ ಇರಬೇಕೆಂದೇನೂ ಇಲ್ಲ. ಆದರೆ ಹುಳಿ ಹೆಚ್ಚಿದ್ದಲ್ಲಿ ಅವು ಮೊಳೆಯಲಾರವು. ಗಡಿರೇಖೆ ಪಿಎಚ್ 4.6. ಪಿಎಚ್ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಪೇಚಿರುವುದು ಇಲ್ಲೇ: ಟೊಮೆಟೊ ಈ ಗೆರೆಯ ಮೇಲೆಯೇ ಕುಳಿತ ಹಣ್ಣು. ಕೆಲವು 4.3ರಷ್ಟು ಹುಳಿ, ಕೆಲವು 4.6ನ್ನೂ ದಾಟುತ್ತವೆ. ತಿಂದು ನೋಡಿ ಹೇಳಲಾಗದು. ಸಿಹಿ ಹೆಚ್ಚಿದ್ದರೆ ನಾಲಿಗೆ ಮೋಸಹೋಗುತ್ತದೆ. ಲಿಟ್ಮಸ್ ಕಾಗದ ಹುಳಿ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದು ಹೇಳದು.

ಆದ್ದರಿಂದ ಹುಳಿಯನ್ನು ಹೊರಗಿನಿಂದ ಸೇರಿಸಲೇಬೇಕು. ಟೊಮೆಟೊ ಉಪ್ಪಿನಕಾಯಿಗೆ ಹುಣಸೆಹಣ್ಣು, ಉಪ್ಪು ಕೈತುಂಬ ಹಾಕುವ ಅಜ್ಜಿಯಂದಿರು ಪಿಎಚ್ ಹೆಸರು ಕೇಳಿದವರಲ್ಲ. ಆದರೂ ಅವರ ಲೆಕ್ಕ ಸರಿಯಾಗಿಯೇ ಇತ್ತು.

ಕೆಲಸಕ್ಕೆ ಕೂರುವ ಮುನ್ನ ಹಣ್ಣು ಆರಿಸಿಕೊಳ್ಳಿ. ಕೆಂಪಾಗಿ ಮಾಗಿದ, ಗಟ್ಟಿಯಾದ, ಬಿರುಕಿಲ್ಲದ ಹಣ್ಣು ಬೇಕು. ಒಣಗಿ ಸತ್ತ ಗಿಡದ ಹಣ್ಣು ಬೇಡ. ಅದರಲ್ಲಿ ಹುಳಿ ಕಡಿಮೆ. ಅರ್ಧ ಲೀಟರಿನ ಬಾಟಲಿಗೆ ಸುಮಾರು 700 ಗ್ರಾಂ ಹಣ್ಣು ಹಿಡಿಯುತ್ತದೆ. ಕುದಿಯುವ ನೀರಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನೇ ಸುಲಿದು ಬರುತ್ತದೆ. ನಾಲ್ಕು ಹೋಳು ಮಾಡಿ, ಮೊದಲು ಒಂದಿಷ್ಟನ್ನು ಪಾತ್ರೆಯಲ್ಲಿ ಹಿಸುಕಿ ಬೇಗ ಕುದಿಸಿ. ಉಳಿದದ್ದನ್ನು ಅದಕ್ಕೇ ಸೇರಿಸುತ್ತ ಹೋಗಿ, ಕೊನೆಗೆ ಐದು ನಿಮಿಷ ಕುದಿಸಿ. ಹೀಗೆ ಬೇಗ ಬಿಸಿಯಾದರೆ ರಸ ನೀರಾಗಿ ಬೇರ್ಪಡುವುದಿಲ್ಲ. ಸ್ಟೀಲ್ ಪಾತ್ರೆ ಒಳ್ಳೆಯದು. ಕಲಾಯಿಯಿಲ್ಲದ ಹಿತ್ತಾಳೆ, ಅಲ್ಯೂಮಿನಿಯಂ ಎರಡೂ ಹುಳಿಗೆ ಆಗಿಬರುವುದಿಲ್ಲ.

ಪ್ರತಿ ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, ಹಾಕಬೇಕು. ನಿಂಬೆರಸ ಹಿಂಡುವುದಕ್ಕಿಂತ ಇದು ಖಚಿತ. ಒಂದೊಂದು ನಿಂಬೆಯ ಹುಳಿ ಒಂದೊಂದು ತೆರ. ಬಾಟಲಿಯ ಬಾಯಿಯಿಂದ ಅರ್ಧ ಅಂಗುಲ ಬಿಟ್ಟು ಬಿಸಿ ಟೊಮೆಟೊ ತುಂಬಿ, ಮುಚ್ಚಿ, ತಳಕ್ಕೆ ಬಟ್ಟೆ ಹಾಸಿದ ದೊಡ್ಡ ಪಾತ್ರೆಯಲ್ಲಿಡಿ. ಬಾಟಲಿಯ ಮೇಲೆ ಒಂದು ಅಂಗುಲ ನೀರು ನಿಲ್ಲಬೇಕು. ಸಮುದ್ರಮಟ್ಟದ ಊರುಗಳಲ್ಲಿ 35 ನಿಮಿಷ ಕುದಿಸಿದರೆ ಸಾಕು. ಹೊಸಪೇಟೆ ಸುಮಾರು 480 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಒಂದೂವರೆ ಡಿಗ್ರಿ ಮೊದಲೇ ಕುದಿಯುವುದರಿಂದ 40 ನಿಮಿಷ ಬೇಕು. ಸಂಡೂರಿಗೂ ಇದೇ ಲೆಕ್ಕ.

ಬಾಟಲಿಯ ವಿಷಯದಲ್ಲಿ ಜುಗ್ಗತನ ಬೇಡ. ಹಳೆಯ ಜಾಮ್ ಬಾಟಲಿ, ಸಡಿಲ ಮುಚ್ಚಳ ನಂಬುವಂತಿಲ್ಲ. ಗಾಜು ಬಿರಿಯಬಹುದು, ಗಾಳಿ ನುಗ್ಗಬಹುದು. ಇದಕ್ಕೆಂದೇ ಮಾಡಿದ ಬಾಟಲಿ ಸಿಗದಿದ್ದರೆ ಬೇಯಿಸಿದ ಟೊಮೆಟೊವನ್ನು ಫ್ರೀಜರಿನಲ್ಲಿಡುವುದೇ ಮೇಲು.

ಇನ್ನು ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆಮೆಣಸಿನಕಾಯಿ ಹಾಕಿ ಬೇಯಿಸಿದ ಟೊಮೆಟೊ. ರುಚಿ ಇದಕ್ಕೇ ಹೆಚ್ಚು, ಅಪಾಯವೂ ಇದಕ್ಕೇ ಹೆಚ್ಚು. ಈ ತರಕಾರಿಗಳಲ್ಲಿ ಹುಳಿಯಿಲ್ಲ; ಸೇರಿಸಿದಷ್ಟೂ ಪಿಎಚ್ ಗೆರೆ ದಾಟುತ್ತದೆ. ಬರೀ ಕುದಿನೀರು ಆಗ ಸಾಲದು. ‘ಕುಕ್ಕರಿನಲ್ಲಿ ಹತ್ತು ಸೀಟಿ ಹಾಕಿಸಿದರೆ?’ ಎಂದು ಕೇಳುವವರಿದ್ದಾರೆ. ಕುಕ್ಕರಿನೊಳಗಿನ ಬಿಸಿ ಬಾಟಲಿಯ ನಡುವಿಗೆ ಮುಟ್ಟಿ ಸಾಕಷ್ಟು ಹೊತ್ತು ನಿಲ್ಲುತ್ತದೆಂದು ಸೀಟಿ ಎಣಿಸಿ ಹೇಳಲಾಗದು. ಈರುಳ್ಳಿ ಹಾಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಬಾಟಲಿಗೆ ಬರೀ ಟೊಮೆಟೊ ಹಾಕಿ, ಈರುಳ್ಳಿಯನ್ನು ಒಗ್ಗರಣೆಯ ದಿನ ಹೆಚ್ಚಿಕೊಂಡರಾಯಿತು.

ತುಂಬಿದ ತಾರೀಖನ್ನು ಬಾಟಲಿಯ ಮೇಲೆ ಮಕ್ಕಳ ಕೈಯಲ್ಲೇ ಬರೆಸಿ, ವರ್ಷದೊಳಗೆ ಬಳಸಿ. ಮುಚ್ಚಳ ಉಬ್ಬಿದ್ದರೆ, ತೆರೆದಾಗ ನೊರೆ ಚಿಮ್ಮಿದರೆ ‘ಒಂದು ಹನಿ ನೋಡೋಣ’ ಎಂದು ನಾಲಿಗೆಗೆ ಹಚ್ಚಬೇಡಿ. ನಾಯಿ, ದನಗಳಿಗೆ ಸಿಗದ ಹಾಗೆ ಬಿಸಾಡಿ, ಕೈ ತೊಳೆದುಕೊಳ್ಳಿ.