ಮಂಡಿ ಹೊಸದು, ನೋವು ಹಳೆಯದು

ಭಾನುವಾರದ ಬಲಿಪೂಜೆಯಲ್ಲಿ ಸಭೆಯೆಲ್ಲ ಮೊಣಕಾಲೂರುವ ಹೊತ್ತಿಗೆ ಕುಳಿತೇ ಇರುವ ಹಿರಿಯರು ನಮ್ಮ ದೇವಾಲಯಗಳಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದನ್ನು ನಾವು ಗಮನಿಸುತ್ತ ಬಂದಿದ್ದೇವೆ. ಅವರಲ್ಲಿ ಅನೇಕರು ಮಂಡಿಯ ಕೀಲು ಬದಲಾಯಿಸಿಕೊಂಡವರು. ಬಹುಪಾಲು ಜನರಿಗೆ ಈ ಶಸ್ತ್ರಚಿಕಿತ್ಸೆ ವರದಾನವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ವರ್ಷ ಕಳೆದರೂ ನೋವು ಬಿಡದ, ಅದನ್ನು ಹೇಳಿಕೊಳ್ಳಲೂ ಆಗದ ಇನ್ನೊಂದು ವರ್ಗವಿದೆ. ಈ ವಾರದ ಲೇಖನ ಅವರನ್ನು ಕುರಿತದ್ದು.

2000ದ ಅಕ್ಟೋಬರಿನಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಎಡಮಂಡಿಗೂ, ಮರುವರ್ಷ ಬಲಮಂಡಿಗೂ ಮುಂಬಯಿಯಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡಾಗ ನಮ್ಮವರಲ್ಲಿ ಅನೇಕರು ಇದರ ಹೆಸರನ್ನು ಮೊದಲು ಕೇಳಿದರು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಸರಾಸರಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆ, ತೆರಿಗೆ ಬಿಟ್ಟು, 54,720 ರೂಪಾಯಿಗೆ ಇಳಿಯಿತು. ಆದರೂ ಆಸ್ಪತ್ರೆಯ ಒಟ್ಟು ಖರ್ಚು ಹಗುರವಲ್ಲ. ಮೌನದ ಬೇರು ಇರುವುದೂ ಅಲ್ಲಿಯೇ. "ಮಗ ಕೊಲ್ಲಿಯಲ್ಲಿ ದುಡಿದು ಕಳಿಸಿದ ಹಣ. ಈಗಲೂ ನೋವು ಎಂದರೆ ಅವನಿಗೆ ಹೇಗಾದೀತು?" ಎಂದು ನಮ್ಮ ಪರಿಚಯದ ತಾಯಿಯೊಬ್ಬರು ಹೇಳಿದ್ದುಂಟು. ಮದುವೆಯ ಮನೆಯಲ್ಲಿ "ಇನ್ನೇನು, ಓಡಬಹುದಲ್ಲ!" ಎನ್ನುವವರಿಗಂತೂ ಕೊರತೆಯಿಲ್ಲ.

ಇಂಥವರು ತಾವೊಬ್ಬರೇ ಎಂದುಕೊಳ್ಳಬೇಕಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ, ಮಂಡಿ ಬದಲಾಯಿಸಿಕೊಂಡ ಸುಮಾರು ಐವರಲ್ಲಿ ಒಬ್ಬರಿಗೆ ಗಣನೀಯವಾದ ನೋವು ಉಳಿದುಕೊಳ್ಳುತ್ತದೆ. ಮೊದಲ ಮೂರು ತಿಂಗಳ ನೋವು ಸಹಜ. ಅದಕ್ಕೂ ಮೀರಿ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವೆಂದು ಪರಿಗಣಿಸುತ್ತಾರೆ. ಆಗ "ವಯಸ್ಸಾಯಿತಲ್ಲ" ಎಂದು ಸುಮ್ಮನಿರುವುದು ತರವಲ್ಲ.

ಕಾರಣಗಳು ಹಲವು. ಕೀಲಿನೊಳಗೆ ಸೋಂಕು ಸೇರಿರಬಹುದು, ಕೃತಕ ಭಾಗ ಸಡಿಲಗೊಂಡಿರಬಹುದು, ಜೋಡಣೆಯಲ್ಲಿ ವ್ಯತ್ಯಾಸವಿರಬಹುದು. ನೋವಿನ ಮೂಲ ಮಂಡಿಯೇ ಆಗಿರದೆ ಸೊಂಟದ ಕೀಲೋ ಬೆನ್ನುಮೂಳೆಯೋ ಆಗಿರುವುದೂ ಉಂಟು. ಇನ್ನು ಕೆಲವರಲ್ಲಿ ವರ್ಷಗಟ್ಟಲೆ ನೋವುಂಡ ನರಮಂಡಲವೇ ಅತಿ ಸೂಕ್ಷ್ಮವಾಗಿ, ಕೀಲು ಸರಿಯಾದ ಮೇಲೂ ನೋವಿನ ಸಂದೇಶವನ್ನು ಕಳುಹಿಸುತ್ತಲೇ ಇರುತ್ತದೆ. ಎಕ್ಸ್-ರೇಯಲ್ಲಿ ಇದು ಕಾಣಿಸದು. ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಲ್ಲ, ರೋಗಿ ಹಟಮಾರಿಯೂ ಅಲ್ಲ. ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು "ಎಲ್ಲ ಸರಿಯಾಗಿದೆ" ಎಂದು ಎರಡೇ ನಿಮಿಷದಲ್ಲಿ ಕಳುಹಿಸಿಬಿಡುವ ಪರಿಪಾಠ ನಮಗೆ ಒಪ್ಪಿತವಲ್ಲ. ರಕ್ತಪರೀಕ್ಷೆ, ಅಗತ್ಯವಿದ್ದರೆ ಕೀಲಿನ ದ್ರವದ ಪರೀಕ್ಷೆ ಆಗಲೇಬೇಕು. ಮಂಡಿ ಕೆಂಪಾಗಿ ಊದಿಕೊಂಡು ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ಒಂದು ದಿನವೂ ಕಾಯಬಾರದು.

ಕಾರಣ ಖಚಿತವಾಗದೆ ಮರುಶಸ್ತ್ರಚಿಕಿತ್ಸೆಗೆ ಅವಸರಪಡುವುದರಿಂದ ನೋವು ಹೋಗುವ ಭರವಸೆ ಕಡಿಮೆ. ಔಷಧದಂಗಡಿಯಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೊಫಿನಾಕ್‌ನಂಥ ಮಾತ್ರೆಗಳು ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಇನ್ನೂ ಹೆಚ್ಚು. ನರಸಂಬಂಧಿ ನೋವಿಗೆ ಬೇರೆಯೇ ಔಷಧಗಳಿವೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ನೋವಿನ ಭಯದಿಂದ ಬಿಟ್ಟರೆ ಕಾಲು ಇನ್ನಷ್ಟು ಬಿಗಿಯುತ್ತದೆ. ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ 363 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳಾದ ಮೇಲೂ ನೋವಿದ್ದವರನ್ನು ಕೂಲಂಕಷವಾಗಿ ಪರೀಕ್ಷಿಸಿ, ಕಾರಣಕ್ಕೆ ತಕ್ಕ ಚಿಕಿತ್ಸೆಗೆ ಕಳುಹಿಸಿ, ಫೋನಿನಲ್ಲಿ ವಿಚಾರಿಸುತ್ತಿದ್ದಾಗ ವರ್ಷಾಂತ್ಯಕ್ಕೆ ಅವರ ನೋವು ಇತರರಿಗಿಂತ ತುಸು ಕಡಿಮೆಯಾಗಿತ್ತು. ಪವಾಡವಲ್ಲ, ನಿಜ, ಆದರೆ ರಾತ್ರಿ ನಿದ್ದೆ ಬಾರದವರಿಗೆ ಆ ತುಸುವೂ ದೊಡ್ಡದು.

ಮಂಡಿಯ ನೋವು ಯಾರನ್ನೂ ಬಿಟ್ಟಿಲ್ಲ. ಜಗದ್ಗುರು ಫ್ರಾನ್ಸಿಸರು 2022ರ ಮೇ ತಿಂಗಳಿನಿಂದ ಗಾಲಿಕುರ್ಚಿಯನ್ನು ಬಳಸತೊಡಗಿದರು. ಹಿಂದಿನ ವರ್ಷದ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯಿಂದಾದ ತೊಂದರೆಯನ್ನು ನೆನೆದು ಮಂಡಿಯ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿದರು. ಕುಳಿತೇ ಜನರನ್ನು ಕಾಣಲು ಅವರು ಸಂಕೋಚಪಡಲಿಲ್ಲ.

ನಮ್ಮ ಹಿರಿಯರಿಗಾದರೋ ಆ ಸಂಕೋಚವಿದೆ. ಎದೆ ಸೀಳುವಂಥ ನೋವು ನುಂಗಿಕೊಂಡು ಮೊಣಕಾಲೂರಿ, ಮತ್ತೆ ಏಳಲಾಗದೆ ಮುಂದಿನ ಬೆಂಚನ್ನು ಹಿಡಿದು ನಡುಗುವವರನ್ನು ನೋಡಿದ್ದೇವೆ. ಕೀಲು ಬದಲಾಯಿಸುವಾಗ ಚರ್ಮದ ನರದ ಸಣ್ಣ ಕವಲು ತುಂಡಾಗುವುದರಿಂದ ಮಂಡಿಯ ಹೊರಬದಿ ಮರಗಟ್ಟಿ, ಊರಿದಾಗ ವಿಚಿತ್ರ ಸಂಕಟವಾಗುವುದು ಸಾಮಾನ್ಯ. ಬಲಿಪೂಜೆಯ ನಿಯಮಾವಳಿಯೇ ಅನಾರೋಗ್ಯದವರಿಗೆ ವಿನಾಯಿತಿ ಕೊಟ್ಟಿದೆ: ಪ್ರತಿಷ್ಠಾಪನೆಯ ತರುವಾಯ ಗುರುಗಳು ಮೊಣಕಾಲೂರಿದಾಗ ಅಂಥವರು ಬಾಗಿ ನಮಿಸಬೇಕು, ಅಷ್ಟೇ. ಧರ್ಮಕೇಂದ್ರದ ಪಾಲನಾ ಸಮಿತಿಗಳಲ್ಲಿ ನಮ್ಮ ವಿನಂತಿ ಇಷ್ಟು: ಪಕ್ಕದ ಬಾಗಿಲಿನ ಬಳಿ, ಮೆಟ್ಟಿಲು ಇಲ್ಲದ ಕಡೆ, ಎತ್ತರದ, ಕೈಯೂರಿ ಏಳಲು ಅನುವಾಗುವ ಹತ್ತು ಕುರ್ಚಿಗಳನ್ನು ಹಾಕಿಸಲಿ, ಪರಮಪ್ರಸಾದವನ್ನು ಅಲ್ಲಿಗೇ ತಂದು ಕೊಡುವ ಏರ್ಪಾಡಾಗಲಿ.